ಜೊವಾನ್ನಿ ಮೊರೆಲ್ಲಿ

ಜೊವಾನ್ನಿ ಮೊರೆಲ್ಲಿ (ಫೆಬ್ರವರಿ 25, 1816 – ಫೆಬ್ರವರಿ 28, 1891) ಇಟಲಿಯ ಕಲಾವಿಮರ್ಶಕರು, ಕಲಾಸಂಗ್ರಾಹಕರು ಹಾಗೂ ರಾಜಕಾರಣಿ. ಸಹಿಯಿಲ್ಲದ ಅಥವಾ ತಪ್ಪು ಹೆಸರನ್ನು ಹೊತ್ತ ಹಳೆಯ ವರ್ಣಚಿತ್ರಗಳ ನಿಜವಾದ ಕರ್ತೃವನ್ನು ಕಂಡುಹಿಡಿಯಲು ಅವರು ರೂಪಿಸಿದ ಪರೀಕ್ಷಾಕ್ರಮವು ಮೊರೆಲ್ಲಿ ವಿಧಾನವೆಂದು ಪ್ರಸಿದ್ಧವಾಗಿದೆ. ವೈದ್ಯಶಾಸ್ತ್ರ ಮತ್ತು ಅಂಗರಚನಾಶಾಸ್ತ್ರದಲ್ಲಿ ಶಿಕ್ಷಣ ಪಡೆದಿದ್ದ ಮೊರೆಲ್ಲಿಯವರು ಚಿತ್ರದಲ್ಲಿನ ಕಿವಿ, ಬೆರಳು, ಉಗುರುಗಳಂತಹ ಸಣ್ಣ ಭಾಗಗಳ ಆಕಾರವನ್ನು ಹೋಲಿಸಿ ಚಿತ್ರಕಾರನನ್ನು ಗುರುತಿಸಬಹುದೆಂದು ಪ್ರತಿಪಾದಿಸಿದರು. ಜರ್ಮನಿಯ ಡ್ರೆಸ್ಡನ್ ನಗರದ ಚಿತ್ರಶಾಲೆಯಲ್ಲಿ ಬೇರೊಬ್ಬರ ನಕಲೆಂದು ದಾಖಲಾಗಿದ್ದ ನಿದ್ರಿಸುತ್ತಿರುವ ವೀನಸ್ ಚಿತ್ರವು ವೆನಿಸ್ಸಿನ ಮಹಾನ್ ಕಲಾವಿದ ಜಾರ್ಜೋನೆಯ ಕೃತಿಯೆಂದು ತೋರಿಸಿಕೊಟ್ಟದ್ದು ಅವರ ಅತ್ಯಂತ ಪ್ರಸಿದ್ಧ ಸಾಧನೆ. ಏಕೀಕೃತ ಇಟಲಿಯ ಸಂಸತ್ತಿನ ಸದಸ್ಯರಾಗಿ ದೇಶದ ಕಲಾಸಂಪತ್ತಿನ ರಕ್ಷಣೆಗಾಗಿಯೂ ಅವರು ಶ್ರಮಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಮೊರೆಲ್ಲಿಯವರು ಉತ್ತರ ಇಟಲಿಯ ವೆರೋನಾದಲ್ಲಿ ಪ್ರಾಟೆಸ್ಟೆಂಟ್ ವರ್ತಕ ಕುಟುಂಬವೊಂದರಲ್ಲಿ ಜನಿಸಿದರು. ಈ ಮನೆತನದ ಪೂರ್ವಜರು ಸ್ವಿಟ್ಜರ್ಲೆಂಡಿನಿಂದ ಬಂದವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ತಮ್ಮ ತವರಾದ ಬೆರ್ಗಾಮೊ ನಗರಕ್ಕೆ ಕರೆತಂದರು. ಬೆರ್ಗಾಮೊ ಅಂದಿನಿಂದ ಕೊನೆಯವರೆಗೂ ಅವರ ಊರಾಗಿ ಉಳಿಯಿತು.

ಆ ಕಾಲದಲ್ಲಿ ಲೊಂಬಾರ್ಡಿ ಪ್ರಾಂತವು ಆಸ್ಟ್ರಿಯಾದ ಆಳ್ವಿಕೆಗೆ ಒಳಪಟ್ಟಿತ್ತು. ಮೊರೆಲ್ಲಿಯವರನ್ನು ಶಾಲಾಶಿಕ್ಷಣಕ್ಕಾಗಿ ಸ್ವಿಟ್ಜರ್ಲೆಂಡಿನ ಆರೌ ಪಟ್ಟಣಕ್ಕೆ ಕಳುಹಿಸಲಾಯಿತು. ಅನಂತರ ಅವರು ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ತೌಲನಿಕ ಅಂಗರಚನಾಶಾಸ್ತ್ರದ ಹೆಸರಾಂತ ವಿದ್ವಾಂಸರಾದ ಇಗ್ನಾಟ್ಸ್ ಡೋಲಿಂಗರ್ ಅವರ ಶಿಷ್ಯರೂ ಸಹಾಯಕರೂ ಆದರು. ಎಲುಬಿನ ಆಕಾರದಿಂದ ಜೀವಿಯ ಜಾತಿಯನ್ನು ನಿರ್ಣಯಿಸುವ ಈ ಶಾಸ್ತ್ರದ ಕ್ರಮ ಅವರ ಮುಂದಿನ ಕಲಾಪರೀಕ್ಷೆಗೆ ತಳಹದಿಯಾಯಿತು. ಮ್ಯೂನಿಕ್‌ನಲ್ಲಿಯೇ ಚಿತ್ರಕಾರ ಬೊನವೆಂಟುರಾ ಗೆನೆಲ್ಲಿಯವರ ಸ್ನೇಹವೂ ದೊರೆಯಿತು.

ಪದವಿ ಪಡೆದ ಬಳಿಕ ಅವರು ಬರ್ಲಿನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಕೆಲಕಾಲ ಕಳೆದರು. ಹಿಮನದಿಗಳ ಅಧ್ಯಯನದಿಂದ ಖ್ಯಾತರಾದ ನಿಸರ್ಗವಿಜ್ಞಾನಿ ಲೂಯಿ ಅಗಾಸಿಯವರ ಪರಿಚಯ ಅವರಿಗಿತ್ತು. ಪ್ಯಾರಿಸ್‌ನಲ್ಲಿ ಭೇಟಿಯಾದ ಜರ್ಮನ್ ಕಲಾತಜ್ಞ ಓಟ್ಟೊ ಮ್ಯುಂಡ್ಲರ್ ಅವರ ಸಹವಾಸದಿಂದ ಹಳೆಯ ಚಿತ್ರಗಳ ಪರೀಕ್ಷೆಯಲ್ಲಿ ಆಸಕ್ತಿ ಬೆಳೆಯಿತು. ವೈದ್ಯವೃತ್ತಿಯನ್ನು ಅವರು ಎಂದೂ ಕೈಗೊಳ್ಳಲಿಲ್ಲ.

ಸ್ವಾತಂತ್ರ್ಯ ಹೋರಾಟ ಮತ್ತು ರಾಜಕೀಯ ಜೀವನ

1848ರಲ್ಲಿ ಮಿಲಾನ್ ನಗರವು ಆಸ್ಟ್ರಿಯಾದ ವಿರುದ್ಧ ದಂಗೆಯೆದ್ದಾಗ ಮೊರೆಲ್ಲಿಯವರು ಆ ಚಳವಳಿಯಲ್ಲಿ ಭಾಗವಹಿಸಿದರು. ಜರ್ಮನ್ ಭಾಷೆಯನ್ನು ಮಾತೃಭಾಷೆಯಷ್ಟೇ ಸಲೀಸಾಗಿ ಬಲ್ಲವರಾದ್ದರಿಂದ ಲೊಂಬಾರ್ಡಿಯ ತಾತ್ಕಾಲಿಕ ಸರ್ಕಾರವು ಅವರನ್ನು ತನ್ನ ಪ್ರತಿನಿಧಿಯಾಗಿ ಫ್ರಾಂಕ್‌ಫರ್ಟ್‌ನ ಜರ್ಮನ್ ಸಂಸತ್ತಿನ ಬಳಿಗೆ ಕಳುಹಿಸಿತು. ಇಟಲಿಯ ಬೇಡಿಕೆಗಳನ್ನು ಜರ್ಮನರಿಗೆ ಮನವರಿಕೆ ಮಾಡಿಕೊಡುವ ಪುಸ್ತಿಕೆಯೊಂದನ್ನೂ ಅವರು ಬರೆದರು. ಆ ದಂಗೆ ವಿಫಲವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಅವರು ಇಟಲಿಯ ಚರ್ಚುಗಳು, ಮಠಗಳು ಮತ್ತು ಹಳೆಯ ಮನೆತನಗಳಲ್ಲಿದ್ದ ಚಿತ್ರಗಳನ್ನು ಸುತ್ತಿ ನೋಡುವುದರಲ್ಲಿ ಹೆಚ್ಚಿನ ಸಮಯವನ್ನು ವಿನಿಯೋಗಿಸಿದರು.

1861ರಲ್ಲಿ ಏಕೀಕೃತ ಇಟಲಿಯ ಮೊದಲ ಸಂಸತ್ತಿಗೆ ಬೆರ್ಗಾಮೊದ ಪ್ರತಿನಿಧಿಯಾಗಿ ಆಯ್ಕೆಯಾದರು. 1873ರಲ್ಲಿ ಸೆನೆಟ್ ಸದಸ್ಯರಾಗಿ ನೇಮಕಗೊಂಡರು. ಸಾಹಿತ್ಯ ವಿಮರ್ಶಕರೂ ಶಿಕ್ಷಣ ಸಚಿವರೂ ಆಗಿದ್ದ ಫ್ರಾನ್ಚೆಸ್ಕೊ ದೆ ಸಾಂಕ್ಟಿಸ್ ಹಾಗೂ ಪ್ರಧಾನಮಂತ್ರಿಯಾಗಿದ್ದ ಮಾರ್ಕೊ ಮಿಂಗೆಟ್ಟಿ ಅವರ ಆಪ್ತರಾಗಿದ್ದರು.

ಕಲಾಸಂಪತ್ತಿನ ಪಟ್ಟಿ, 1861

ಹೊಸದಾಗಿ ಇಟಲಿಗೆ ಸೇರಿದ ಮಾರ್ಕೆ ಮತ್ತು ಉಂಬ್ರಿಯಾ ಪ್ರಾಂತಗಳಲ್ಲಿ ಅನೇಕ ಧಾರ್ಮಿಕ ಮಠಗಳನ್ನು ಸರ್ಕಾರವು ರದ್ದುಗೊಳಿಸಿತು. ಅವುಗಳ ಗೋಡೆಗಳ ಮೇಲಿದ್ದ ಅಮೂಲ್ಯ ಚಿತ್ರಗಳು ವ್ಯಾಪಾರಿಗಳ ಪಾಲಾಗುವ ಭಯ ಉಂಟಾಯಿತು. ಯಾವ ಊರಿನಲ್ಲಿ ಏನಿದೆ, ಅದನ್ನು ಬರೆದವರು ಯಾರು ಎಂಬ ವಿಶ್ವಾಸಾರ್ಹ ಪಟ್ಟಿಯೇ ಸರ್ಕಾರದ ಬಳಿ ಇರಲಿಲ್ಲ. ಹೆಸರೂ ಲೆಕ್ಕವೂ ಇಲ್ಲದ ಚಿತ್ರವು ಮಾಯವಾದರೆ ಅದನ್ನು ಮರಳಿ ಕೇಳುವುದು ಸಾಧ್ಯವಿರಲಿಲ್ಲ.

1861ರ ಬೇಸಿಗೆಯಲ್ಲಿ ಮೊರೆಲ್ಲಿ ಮತ್ತು ಜೊವಾನ್ನಿ ಬಾಟಿಸ್ಟಾ ಕವಲ್ಕಸೆಲ್ಲೆ ಎಂಬ ಕಲಾತಜ್ಞರನ್ನು ಈ ಕೆಲಸಕ್ಕೆ ನಿಯೋಜಿಸಲಾಯಿತು. ಇಬ್ಬರೂ ಊರೂರು ಅಲೆದು ಚಿತ್ರಗಳನ್ನು ಪರೀಕ್ಷಿಸಿ, ಕರ್ತೃವನ್ನು ಗುರುತಿಸಿ, ಅಂದಾಜು ಬೆಲೆಯನ್ನೂ ನಮೂದಿಸಿದರು. ಈ ಪಟ್ಟಿಯು ಮುಂದೆ 1896ರಲ್ಲಿ ಮುದ್ರಣಗೊಂಡಿತು. ಕರ್ತೃತ್ವ ನಿರ್ಣಯವು ಶ್ರೀಮಂತರ ಹವ್ಯಾಸ ಮಾತ್ರವಲ್ಲ, ಸಾರ್ವಜನಿಕ ಆಸ್ತಿಯ ರಕ್ಷಣೆಗೆ ಅಗತ್ಯವಾದ ಕಾರ್ಯವೆಂಬುದನ್ನು ಈ ಪ್ರವಾಸವು ತೋರಿಸಿಕೊಟ್ಟಿತು. ಜೊತೆಯಾಗಿ ದುಡಿದ ಈ ಇಬ್ಬರು ಮುಂದೆ ಪರಸ್ಪರ ಪ್ರತಿಸ್ಪರ್ಧಿಗಳಾದರು. ಕವಲ್ಕಸೆಲ್ಲೆಯವರು ಇಂಗ್ಲೆಂಡಿನ ಜೋಸೆಫ್ ಕ್ರೋ ಅವರೊಡನೆ ಬರೆದ ಇಟಲಿಯ ಚಿತ್ರಕಲೆಯ ಇತಿಹಾಸದಲ್ಲಿನ ಅನೇಕ ನಿರ್ಣಯಗಳನ್ನು ಮೊರೆಲ್ಲಿಯವರು ತಮ್ಮ ಗ್ರಂಥಗಳಲ್ಲಿ ಖಂಡಿಸಿದ್ದಾರೆ.

ಹಿನ್ನೆಲೆ: ಚಿತ್ರಗಳು ಹೆಸರು ಕಳೆದುಕೊಂಡ ಬಗೆ

ಇಟಲಿಯ ಪುನರುಜ್ಜೀವನ ಕಾಲದ ಚಿತ್ರಕಾರರಲ್ಲಿ ಹಲವರು ತಮ್ಮ ಎಲ್ಲ ಕೃತಿಗಳಿಗೂ ಸಹಿ ಹಾಕುತ್ತಿರಲಿಲ್ಲ. ಬಲಿಪೀಠಕ್ಕಾಗಿ ಅಥವಾ ಮನೆಗಾಗಿ ಬರೆಸಿದವರಿಗೆ ಚಿತ್ರಕಾರ ಯಾರೆಂಬುದು ತಿಳಿದೇ ಇರುತ್ತಿತ್ತು. ಚಿತ್ರವು ಆನುವಂಶಿಕವಾಗಿ, ಸಾಲದ ಅಡವಾಗಿ, ಯುದ್ಧದ ಕೊಳ್ಳೆಯಾಗಿ ಅಥವಾ ಹರಾಜಿನಲ್ಲಿ ಕೈಯಿಂದ ಕೈಗೆ ಹೋದಂತೆ ಆ ನೆನಪು ಅಳಿಯಿತು. ಮಾರಾಟಗಾರರು ಹೆಚ್ಚಿನ ಬೆಲೆಗಾಗಿ ರಾಫೆಲ್, ಲಿಯೊನಾರ್ಡೊ, ಟಿಶಿಯನ್ ಮೊದಲಾದ ದೊಡ್ಡ ಹೆಸರುಗಳನ್ನು ಅಂಟಿಸಿದರು. ಕೆಲವೊಮ್ಮೆ ಸುಳ್ಳು ಸಹಿಗಳನ್ನೂ ಬರೆಸಲಾಯಿತು. ಅರಮನೆಗಳ ಸಂಗ್ರಹಗಳು ಸಾರ್ವಜನಿಕ ಸಂಗ್ರಹಾಲಯಗಳಾದಾಗ ಈ ಹೆಸರುಗಳು ಅಧಿಕೃತ ಪಟ್ಟಿಗಳನ್ನೂ ಸೇರಿದವು.

ಮೊರೆಲ್ಲಿಯವರ ಕಾಲದಲ್ಲಿ ಕರ್ತೃವನ್ನು ನಿರ್ಣಯಿಸಲು ಮುಖ್ಯವಾಗಿ ಮೂರು ಆಧಾರಗಳನ್ನು ಬಳಸಲಾಗುತ್ತಿತ್ತು: ಪರಂಪರೆಯಿಂದ ಬಂದ ಹೆಸರು, ಹಳೆಯ ದಾಖಲೆಗಳು ಮತ್ತು ಚಿತ್ರವನ್ನು ನೋಡಿದ ಕೂಡಲೇ ತಜ್ಞರ ಮನಸ್ಸಿನಲ್ಲಿ ಮೂಡುವ ಒಟ್ಟಾರೆ ಭಾವ. ಮೊದಲನೆಯದು ಸುಳ್ಳಾಗಿರಬಹುದು. ಎರಡನೆಯದು ಬೇರೊಂದು ಚಿತ್ರಕ್ಕೆ ಸಂಬಂಧಿಸಿರಬಹುದು. ಮೂರನೆಯದನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಲು ಸಾಧ್ಯವಿಲ್ಲ. ಯಾರು ಬೇಕಾದರೂ ಕಣ್ಣಿಟ್ಟು ಪರಿಶೀಲಿಸಬಹುದಾದ ಸಾಕ್ಷ್ಯವನ್ನು ಚಿತ್ರದೊಳಗೇ ಹುಡುಕಬೇಕೆಂಬುದು ಮೊರೆಲ್ಲಿಯವರ ನಿಲುವಾಗಿತ್ತು.

ಮೊರೆಲ್ಲಿ ವಿಧಾನ

ಚಿತ್ರಕಾರನು ಮುಖಭಾವ, ಭಂಗಿ ಮತ್ತು ಸಂಯೋಜನೆಗಳಿಗೆ ಹೆಚ್ಚಿನ ಗಮನ ಕೊಡುತ್ತಾನೆ. ಗುರುವಿನಿಂದ ಶಿಷ್ಯನು ಮೊದಲು ಕಲಿಯುವುದೂ, ನಕಲುಗಾರನು ಶ್ರದ್ಧೆಯಿಂದ ಅನುಕರಿಸುವುದೂ ಇವುಗಳನ್ನೇ. ಆದ್ದರಿಂದ ಗುರು, ಶಿಷ್ಯ ಮತ್ತು ನಕಲುಗಾರರನ್ನು ಬೇರ್ಪಡಿಸಲು ಇವು ಸಾಲವು. ಆದರೆ ಕಿವಿಯ ಸುರುಳಿ, ಬೆರಳುಗಳ ಗಂಟು, ಉಗುರಿನ ಅಂಚು, ಬಟ್ಟೆಯ ನೆರಿಗೆ ಮುಂತಾದವುಗಳನ್ನು ಬರೆಯುವಾಗ ಕೈ ಅಭ್ಯಾಸಬಲದಿಂದ ಚಲಿಸುತ್ತದೆ. ಮಾತನಾಡುವವರು ತಮಗರಿವಿಲ್ಲದೆ ಕೆಲವು ಪದಗಳನ್ನು ಪದೇ ಪದೇ ಬಳಸುವಂತೆ, ಚಿತ್ರಕಾರನೂ ಈ ಭಾಗಗಳಲ್ಲಿ ತನ್ನದೇ ಆದ ಆಕಾರವನ್ನು ಮರುಕಳಿಸುತ್ತಾನೆ. ನಕಲುಗಾರನಾದರೋ ಅದೇ ಸ್ಥಳದಲ್ಲಿ ಮೂಲವನ್ನು ಮರೆತು ತನ್ನ ಕೈಯ ರೂಢಿಯನ್ನು ಬಿಟ್ಟುಹೋಗುತ್ತಾನೆ.

ಈ ಆಕಾರಗಳನ್ನು ಮೊರೆಲ್ಲಿಯವರು ಮೂಲರೂಪಗಳೆಂದು ಕರೆದರು. ಬಾಟಿಚೆಲ್ಲಿಯ ಚಿತ್ರಗಳಲ್ಲಿ ಬೆರಳುಗಳು ಎಲುಬು ಎದ್ದು ಕಾಣುವಂತಿದ್ದು, ಉಗುರುಗಳು ಚೌಕಾಕಾರವಾಗಿ ಕಪ್ಪು ರೇಖೆಯಿಂದ ಸುತ್ತುವರಿದಿರುತ್ತವೆ ಎಂದು ಅವರು ಗುರುತಿಸಿದರು. ಟಿಶಿಯನ್ನನ ಚಿತ್ರಗಳಲ್ಲಿ ಪುರುಷರ ಹೆಬ್ಬೆರಳಿನ ಬುಡದ ಮಾಂಸಲ ಭಾಗವು ಅಗತ್ಯಕ್ಕಿಂತ ಹೆಚ್ಚು ಉಬ್ಬಿರುತ್ತದೆ ಎಂಬುದು ಅವರ ಮತ್ತೊಂದು ವೀಕ್ಷಣೆ. ಫಿಲಿಪ್ಪೊ ಲಿಪ್ಪಿ, ಸಿನ್ಯೊರೆಲ್ಲಿ, ಮಾಂಟೆನ್ಯಾ, ಜೊವಾನ್ನಿ ಬೆಲ್ಲಿನಿ, ಬಾಟಿಚೆಲ್ಲಿ ಮೊದಲಾದವರು ಬರೆದ ಕಿವಿ ಮತ್ತು ಕೈಗಳ ರೇಖಾಚಿತ್ರಗಳನ್ನು ಅವರು ತಮ್ಮ ಗ್ರಂಥದಲ್ಲಿ ಸಾಲಾಗಿ ಮುದ್ರಿಸಿದರು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಎಲೆಗಳ ಚಿತ್ರಗಳನ್ನು ಕೊಡುವ ಬಗೆಯಲ್ಲಿ ಇದ್ದ ಈ ಪುಟಗಳು ಆಗಿನ ಕಲಾವಿದ್ವಾಂಸರಲ್ಲಿ ಹಲವರಿಗೆ ಹಾಸ್ಯಾಸ್ಪದವಾಗಿ ಕಂಡವು.

ಆದರೆ ಕಿವಿಯೊಂದನ್ನೇ ನೋಡಿ ತೀರ್ಪು ಕೊಡಬೇಕೆಂದು ಮೊರೆಲ್ಲಿಯವರು ಹೇಳಲಿಲ್ಲ. ಮೊದಲು ಚಿತ್ರದ ಒಟ್ಟು ರೂಪ, ವರ್ಣ ಮತ್ತು ಪ್ರಾದೇಶಿಕ ಪಂಥವನ್ನು ಗಮನಿಸಿ ಶಂಕೆಗೆ ಪಾತ್ರರಾದ ಚಿತ್ರಕಾರರ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬೇಕು. ಕರ್ತೃತ್ವದಲ್ಲಿ ಸಂದೇಹವಿಲ್ಲದ ಅವರ ಕೃತಿಗಳನ್ನು ಪ್ರತ್ಯಕ್ಷವಾಗಿ ನೋಡಬೇಕು. ಕೊನೆಗೆ ಮೂಲರೂಪಗಳ ಹೋಲಿಕೆಯಿಂದ ಆ ಊಹೆಯನ್ನು ದೃಢಪಡಿಸಿಕೊಳ್ಳಬೇಕು ಅಥವಾ ಕೈಬಿಡಬೇಕು. ಚಿತ್ರಕ್ಕೆ ನಂತರದ ಕಾಲದಲ್ಲಿ ಬಳಿದ ಬಣ್ಣವನ್ನು ಮೂಲ ಬಣ್ಣದಿಂದ ಬೇರ್ಪಡಿಸಿ ನೋಡಬೇಕೆಂಬುದನ್ನೂ ಅವರು ಒತ್ತಿ ಹೇಳಿದರು. ಚಿತ್ರಗಳಷ್ಟೇ ಕಚ್ಚಾ ರೇಖಾಚಿತ್ರಗಳ ಅಧ್ಯಯನವೂ ಅಗತ್ಯವೆಂಬುದು ಅವರ ಅಭಿಪ್ರಾಯ.

ಗುಪ್ತನಾಮದ ಬರಹಗಳು

ಮೊರೆಲ್ಲಿಯವರು ತಮ್ಮ ಸಂಶೋಧನೆಗಳನ್ನು ಪ್ರಕಟಿಸತೊಡಗಿದಾಗ ಅವರಿಗೆ 58 ವರ್ಷ ವಯಸ್ಸಾಗಿತ್ತು. 1874ರಿಂದ 1876ರವರೆಗೆ ರೋಮ್‌ನ ಬೊರ್ಗೇಸೆ ಚಿತ್ರಶಾಲೆಯನ್ನು ಕುರಿತ ಲೇಖನಮಾಲೆಯೊಂದು ಜರ್ಮನ್ ಕಲಾಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರು ಇವಾನ್ ಲೆರ್ಮೊಲಿಯೆಫ್ ಎಂಬ ರಷ್ಯನ್, ಜರ್ಮನ್ ಭಾಷೆಗೆ ಅನುವಾದಿಸಿದವರು ಯೊಹಾನೆಸ್ ಶ್ವಾರ್ಟ್ಸೆ ಎಂದು ಅಲ್ಲಿ ನಮೂದಿಸಲಾಗಿತ್ತು. ವಾಸ್ತವವಾಗಿ ಇಬ್ಬರೂ ಮೊರೆಲ್ಲಿಯವರೇ. ಅವರ ಉಪನಾಮದ ಅಕ್ಷರಗಳನ್ನು ಹಿಂದುಮುಂದು ಮಾಡಿ ರಷ್ಯನ್ ಪ್ರತ್ಯಯವನ್ನು ಸೇರಿಸಿದರೆ ಲೆರ್ಮೊಲಿಯೆಫ್ ಆಗುತ್ತದೆ. ಶ್ವಾರ್ಟ್ಸೆ ಎಂಬುದು ಕಪ್ಪು ಎಂಬರ್ಥದ ಜರ್ಮನ್ ಪದದಿಂದ ಬಂದದ್ದು. ಅದು ಮೊರೆಲ್ಲಿ ಎಂಬ ಹೆಸರಿನ ಅರ್ಥಕ್ಕೆ ಹತ್ತಿರವಾದುದು. ಲೆರ್ಮೊಲಿಯೆಫ್ ವಾಸಿಸುವ ಗೊರ್ಲಾವ್ ಎಂಬ ರಷ್ಯಾದ ಊರು ಬೆರ್ಗಾಮೊ ಸಮೀಪದ ಗೊರ್ಲೆ ಗ್ರಾಮದ ವೇಷಾಂತರವಾಗಿತ್ತು.

1880ರಲ್ಲಿ ಮ್ಯೂನಿಕ್, ಡ್ರೆಸ್ಡನ್ ಮತ್ತು ಬರ್ಲಿನ್ ಚಿತ್ರಶಾಲೆಗಳಲ್ಲಿರುವ ಇಟಲಿಯ ಚಿತ್ರಗಳನ್ನು ಕುರಿತ ಗ್ರಂಥವು ಇದೇ ಗುಪ್ತನಾಮದಲ್ಲಿ ಲೈಪ್ಜಿಗ್‌ನಿಂದ ಹೊರಬಂದಿತು. 1883ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಪರಿಷ್ಕೃತ ರೂಪದ ಮೂರು ಸಂಪುಟಗಳು 1890ರಿಂದ 1893ರ ನಡುವೆ ಪ್ರಕಟವಾದವು. ಕೊನೆಯ ಸಂಪುಟವನ್ನು ಅವರ ಮರಣಾನಂತರ ಶಿಷ್ಯ ಗುಸ್ತಾವೊ ಫ್ರಿಜ್ಜೋನಿ ಸಂಪಾದಿಸಿದರು. ಈ ಗ್ರಂಥದ ಆರಂಭಭಾಗವು ಸಂವಾದರೂಪದಲ್ಲಿದೆ. ಫ್ಲಾರೆನ್ಸ್‌ಗೆ ಬಂದ ರಷ್ಯನ್ ಯುವಕನಿಗೆ ಇಟಲಿಯ ವೃದ್ಧರೊಬ್ಬರು ಚಿತ್ರಗಳ ಮುಂದೆ ನಿಲ್ಲಿಸಿ ಪರೀಕ್ಷಾಕ್ರಮವನ್ನು ವಿವರಿಸುತ್ತಾರೆ.

ಡ್ರೆಸ್ಡನ್ನಿನ ವೀನಸ್

ಸುಮಾರು 108 ಸೆಂಟಿಮೀಟರ್ ಎತ್ತರ ಮತ್ತು 175 ಸೆಂಟಿಮೀಟರ್ ಅಗಲದ ಈ ಚಿತ್ರದಲ್ಲಿ ವೀನಸ್ ದೇವತೆಯು ಬಯಲಿನಲ್ಲಿ ಮಲಗಿ ನಿದ್ರಿಸುತ್ತಿದ್ದಾಳೆ. ಹಿನ್ನೆಲೆಯಲ್ಲಿ ಬೆಟ್ಟಗುಡ್ಡ ಮತ್ತು ಮನೆಗಳಿವೆ. 1699ರಲ್ಲಿ ಸ್ಯಾಕ್ಸನಿಯ ದೊರೆ ಬಲಶಾಲಿ ಆಗಸ್ಟಸ್‌ಗಾಗಿ ಇದನ್ನು ಖರೀದಿಸಲಾಯಿತು. ಕಾಲಕ್ರಮದಲ್ಲಿ ಜಾರ್ಜೋನೆಯ ಹೆಸರು ಮರೆಯಾಯಿತು. ಮೊರೆಲ್ಲಿಯವರು ನೋಡಿದಾಗ ಡ್ರೆಸ್ಡನ್ ಪಟ್ಟಿಯಲ್ಲಿ ಇದು ಟಿಶಿಯನ್ನನ ಚಿತ್ರವೊಂದಕ್ಕೆ ಹದಿನೇಳನೆಯ ಶತಮಾನದ ಸಸ್ಸೊಫೆರ್ರಾಟೊ ಮಾಡಿದ ನಕಲೆಂದು ನಮೂದಾಗಿತ್ತು.

ದೇಹದ ರೇಖೆ, ತಲೆಯ ಆಕಾರ ಮತ್ತು ಭೂದೃಶ್ಯಗಳನ್ನು ಪರಿಶೀಲಿಸಿ, ಇದು ನಕಲಲ್ಲ, ಜಾರ್ಜೋನೆಯ ಮೂಲಕೃತಿ ಎಂದು ಮೊರೆಲ್ಲಿಯವರು ಘೋಷಿಸಿದರು. ಇದಕ್ಕೆ ಹಳೆಯ ದಾಖಲೆಯೊಂದರ ಬೆಂಬಲವೂ ದೊರೆಯಿತು. ವೆನಿಸ್ಸಿನ ಮಾರ್ಕಾಂಟೊನಿಯೊ ಮಿಕಿಯೆಲ್ 1525ರಲ್ಲಿ ಬರೆದಿಟ್ಟ ಟಿಪ್ಪಣಿಯ ಪ್ರಕಾರ ಜೆರೊನಿಮೊ ಮಾರ್ಚೆಲ್ಲೊ ಎಂಬವರ ಮನೆಯಲ್ಲಿ ಜಾರ್ಜೋನೆ ಬರೆದ, ಭೂದೃಶ್ಯದಲ್ಲಿ ಮಲಗಿರುವ ವೀನಸ್ ಚಿತ್ರವಿತ್ತು. ಅದರ ಭೂದೃಶ್ಯವನ್ನೂ ಕ್ಯುಪಿಡ್ ಆಕೃತಿಯನ್ನೂ ಟಿಶಿಯನ್ ಪೂರ್ಣಗೊಳಿಸಿದ್ದನು. ಡ್ರೆಸ್ಡನ್ ಚಿತ್ರದಲ್ಲಿ ಕ್ಯುಪಿಡ್ ಕಾಣಿಸುತ್ತಿರಲಿಲ್ಲ. ಬಹಳ ಹಾಳಾಗಿದ್ದ ಆ ಭಾಗದ ಮೇಲೆ ಹತ್ತೊಂಬತ್ತನೆಯ ಶತಮಾನದ ದುರಸ್ತಿಯ ವೇಳೆ ಬಣ್ಣ ಬಳಿಯಲಾಗಿತ್ತು. ಕ್ಷ-ಕಿರಣ ಪರೀಕ್ಷೆಯು ಮುಂದೆ ಆ ಆಕೃತಿಯ ಅವಶೇಷವನ್ನು ತೋರಿಸಿತು. ಜಾರ್ಜೋನೆ ಆರಂಭಿಸಿ ಟಿಶಿಯನ್ ಮುಗಿಸಿದ ಕೃತಿ ಎಂಬ ಅಭಿಪ್ರಾಯವನ್ನು ಇಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಅದೇ ಚಿತ್ರಶಾಲೆಯಲ್ಲಿ ಇದಕ್ಕೆ ವಿರುದ್ಧವಾದ ತೀರ್ಪನ್ನೂ ಅವರು ನೀಡಿದರು. ಗ್ರಂಥವನ್ನು ಓದುತ್ತಿರುವ ಮಗ್ದಲೇನಳ ಸಣ್ಣ ಚಿತ್ರವೊಂದು ಕೊರೆಜ್ಜೊ ಎಂಬ ಕಲಾವಿದನ ಶ್ರೇಷ್ಠ ಕೃತಿಯೆಂದು ಯುರೋಪಿನಾದ್ಯಂತ ಜನಪ್ರಿಯವಾಗಿತ್ತು. ಅದರ ಅಸಂಖ್ಯ ಪ್ರತಿಗಳು ಪ್ರಚಾರದಲ್ಲಿದ್ದವು. ತಾಮ್ರದ ತಗಡಿನ ಮೇಲೆ ಬರೆಯುವ ರೂಢಿ ಕೊರೆಜ್ಜೊನ ಕಾಲದ ಇಟಲಿಯಲ್ಲಿ ಇರಲಿಲ್ಲ, ಬಣ್ಣದ ನಯಗಾರಿಕೆಯೂ ಉತ್ತರದ ದೇಶಗಳದ್ದು ಎಂದು ವಾದಿಸಿದ ಮೊರೆಲ್ಲಿಯವರು, ಅದು ಆಡ್ರಿಯಾನ್ ವಾನ್ ಡೆರ್ ವೆರ್ಫ್‌ನಂತಹ ಚಿತ್ರಕಾರನ ಕೆಲಸವಿರಬಹುದೆಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಚಿತ್ರವು ಕಣ್ಮರೆಯಾಯಿತು.

ವಿವಾದ ಮತ್ತು ಟೀಕೆ

ಮೊರೆಲ್ಲಿಯವರ ಗ್ರಂಥಗಳಿಂದ ಸಂಗ್ರಹಾಲಯಗಳ ಪ್ರತಿಷ್ಠೆಗೆ ಪೆಟ್ಟುಬಿದ್ದಿತು. ದೊಡ್ಡ ಬೆಲೆಗೆ ಕೊಂಡ ಚಿತ್ರಗಳ ಹೆಸರುಫಲಕಗಳನ್ನು ಬದಲಿಸಬೇಕಾದ ಪರಿಸ್ಥಿತಿ ಉಂಟಾಯಿತು. ಬರ್ಲಿನ್ ಸಂಗ್ರಹಾಲಯದ ವಿಲ್ಹೆಲ್ಮ್ ಬೋಡೆ ಅವರ ಪ್ರಬಲ ವಿರೋಧಿಯಾದರು. ಮೊರೆಲ್ಲಿಯವರನ್ನು ನಾಟಿ ಮದ್ದು ಮಾರುವ ಕಪಟ ವೈದ್ಯನಿಗೆ ಹೋಲಿಸಿ ಬೋಡೆಯವರು ಬಹಿರಂಗವಾಗಿ ಟೀಕಿಸಿದರು. ಅನುಭವದಿಂದ ಪಳಗಿದ ಕಣ್ಣು ಕೃತಿಯ ಗುಣವನ್ನು ಗ್ರಹಿಸುತ್ತದೆಯೇ ಹೊರತು ಕಿವಿಗಳ ಪಟ್ಟಿಯಿಂದ ಅದು ಸಾಧ್ಯವಿಲ್ಲ ಎಂಬುದು ವಿರೋಧಿಗಳ ವಾದ. ಮೊರೆಲ್ಲಿಯವರು ಸಹ ಮೊದಲು ಸಹಜ ಗ್ರಹಿಕೆಯಿಂದ ನಿರ್ಣಯಕ್ಕೆ ಬಂದು, ಬಳಿಕ ಅದಕ್ಕೆ ಶಾಸ್ತ್ರದ ಬೆಂಬಲವನ್ನು ಒದಗಿಸುತ್ತಿದ್ದರೆಂದು ಕೆಲವರು ಅಭಿಪ್ರಾಯಪಟ್ಟರು.

ವಿಧಾನದ ಮಿತಿಗಳೂ ಕ್ರಮೇಣ ಸ್ಪಷ್ಟವಾದವು. ಪುನರುಜ್ಜೀವನ ಕಾಲದ ಕಾರ್ಯಾಗಾರಗಳಲ್ಲಿ ಒಂದೇ ಚಿತ್ರಕ್ಕೆ ಹಲವರು ಕೈ ಹಚ್ಚುತ್ತಿದ್ದರು. ಮುಖವನ್ನು ಗುರುವೂ ಕೈಕಾಲುಗಳನ್ನು ಶಿಷ್ಯನೂ ಬರೆದಿದ್ದರೆ ಬೆರಳುಗಳು ಶಿಷ್ಯನ ಹೆಸರನ್ನೇ ಹೇಳುತ್ತವೆ. ಚಿತ್ರಕಾರನ ರೂಢಿಯೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಮೊರೆಲ್ಲಿಯವರ ಎಲ್ಲ ನಿರ್ಣಯಗಳೂ ನಿಲ್ಲಲಿಲ್ಲ. ರಾಫೆಲ್‌ನದೆಂದು ಹೇಳಲಾಗುತ್ತಿದ್ದ ವೆನಿಸ್ಸಿನ ರೇಖಾಚಿತ್ರಗಳ ಪುಸ್ತಕವು ಪಿಂಟುರಿಕ್ಕಿಯೊನದೆಂದು ಅವರು ಹೇಳಿದ್ದರು. ಈಗ ಅದನ್ನು ರಾಫೆಲ್‌ನ ಬಳಗದ ಕೃತಿಯೆಂದು ಪರಿಗಣಿಸಲಾಗುತ್ತದೆ.

ಅವರ ಬದುಕಿನಲ್ಲಿದ್ದ ಒಂದು ವೈರುಧ್ಯವನ್ನೂ ಚರಿತ್ರಕಾರರು ಗುರುತಿಸಿದ್ದಾರೆ. ಸಂಸತ್ತಿನಲ್ಲಿ ಅವರು ಕಲಾಕೃತಿಗಳ ರಫ್ತಿಗೆ ಕಡಿವಾಣ ಹಾಕಬೇಕೆಂದು ವಾದಿಸಿದರು. ಅದೇ ಸಮಯದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನಿರ್ದೇಶಕ ಚಾರ್ಲ್ಸ್ ಈಸ್ಟ್‌ಲೇಕ್ ಮತ್ತು ನಿನೆವೆ ನಗರವನ್ನು ಉತ್ಖನನ ಮಾಡಿದ ಹೆನ್ರಿ ಲೇಯಾರ್ಡ್ ಅವರಿಗೆ ಇಟಲಿಯ ಚಿತ್ರಗಳನ್ನು ಕೊಳ್ಳಲು ಸಲಹೆ ಮತ್ತು ನೆರವು ನೀಡಿದರು. ಲೇಯಾರ್ಡ್ ಅವರ ಸಂಗ್ರಹವು 1916ರಲ್ಲಿ ನ್ಯಾಷನಲ್ ಗ್ಯಾಲರಿಯನ್ನು ಸೇರಿತು. ಇಡೀ ಇಟಲಿಗೆ ಅನ್ವಯಿಸುವ ಕಲಾಸಂರಕ್ಷಣಾ ಕಾನೂನು ಜಾರಿಗೆ ಬಂದದ್ದು ಮೊರೆಲ್ಲಿಯವರ ಮರಣದ ಬಳಿಕ, 1902ರಲ್ಲಿ. 1909ರಲ್ಲಿ ಅದನ್ನು ಇನ್ನಷ್ಟು ಬಲಪಡಿಸಲಾಯಿತು.

ಕಲಾಸಂಗ್ರಹ ಮತ್ತು ನಿಧನ

ಮೊರೆಲ್ಲಿಯವರು ತಮ್ಮ ಕೊನೆಯ ವರ್ಷಗಳನ್ನು ಮಿಲಾನ್‌ನಲ್ಲಿ ಕಳೆದರು. ಅವಿವಾಹಿತರಾಗಿದ್ದ ಅವರು ವ್ಯಾಪಾರಿಗಳಿಂದಲೂ ಹಳೆಯ ಸಂಗ್ರಹಗಳಿಂದಲೂ ತಾವೇ ಪರೀಕ್ಷಿಸಿ ಕೊಂಡ ಚಿತ್ರಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. 1891ರ ಫೆಬ್ರವರಿ 28ರಂದು ಮಿಲಾನ್‌ನಲ್ಲಿ ನಿಧನರಾದರು. ಆಗ ಅವರಿಗೆ 75 ವರ್ಷ ತುಂಬಿ ಮೂರು ದಿನಗಳಾಗಿದ್ದವು.

ತಮ್ಮ ಸಂಗ್ರಹವನ್ನು ಅವರು ಬೆರ್ಗಾಮೊದ ಅಕಾಡೆಮಿಯಾ ಕರ್ರಾರಾ ಸಂಸ್ಥೆಗೆ ಉಯಿಲಿನ ಮೂಲಕ ಬಿಟ್ಟುಕೊಟ್ಟರು. 117 ವರ್ಣಚಿತ್ರಗಳು ಮತ್ತು 3 ಶಿಲ್ಪಗಳನ್ನು ಒಳಗೊಂಡಿದ್ದ ಈ ದಾನದಲ್ಲಿ ಪಿಸಾನೆಲ್ಲೊ ಬರೆದ ಲಿಯೊನೆಲ್ಲೊ ದೆಸ್ತೆಯ ಭಾವಚಿತ್ರ, ಬಾಟಿಚೆಲ್ಲಿ ಬರೆದ ಜೂಲಿಯಾನೊ ದೆ ಮೆದಿಚಿಯ ಭಾವಚಿತ್ರ ಮತ್ತು ಜೊವಾನ್ನಿ ಬೆಲ್ಲಿನಿಯ ಮಡೊನ್ನಾ ಚಿತ್ರಗಳು ಸೇರಿವೆ. ಇತರರ ಚಿತ್ರಗಳು ದೇಶ ಬಿಟ್ಟು ಹೋಗಲು ನೆರವಾಗಿದ್ದ ಮೊರೆಲ್ಲಿಯವರ ಸ್ವಂತ ಚಿತ್ರಗಳು ಹೀಗೆ ಅವರ ಊರಿನಲ್ಲಿಯೇ ಉಳಿದವು.

ಪ್ರಭಾವ

ಅಮೆರಿಕದ ಕಲಾತಜ್ಞ ಬರ್ನಾರ್ಡ್ ಬೆರೆನ್ಸನ್ ತಾರುಣ್ಯದಲ್ಲಿ ಮೊರೆಲ್ಲಿಯವರನ್ನು ಭೇಟಿಯಾಗಿ ಅವರ ವಿಧಾನವನ್ನು ಮುಂದುವರಿಸಿದರು. ಪ್ರಾಚೀನ ಗ್ರೀಸ್‌ನ ಚಿತ್ರಿತ ಮಡಕೆಗಳ ಅಧ್ಯಯನದಲ್ಲಿ ಇಂಗ್ಲೆಂಡಿನ ಜಾನ್ ಬೀಜ್ಲಿ ಇದೇ ಕ್ರಮವನ್ನು ಬಳಸಿದರು. ಕಣ್ಣು, ಕಿವಿ, ಕಣಕಾಲುಗಳನ್ನು ಬರೆದ ರೀತಿಯಿಂದ ಒಂದೇ ಕೈಯ ಕೆಲಸಗಳನ್ನು ಒಟ್ಟುಗೂಡಿಸಿ, ಹೆಸರೇ ಉಳಿಯದ ನೂರಾರು ಕುಶಲಕರ್ಮಿಗಳನ್ನು ಅವರು ಪ್ರತ್ಯೇಕ ವ್ಯಕ್ತಿಗಳಾಗಿ ಗುರುತಿಸಿದರು. ಬರ್ಲಿನ್‌ನಲ್ಲಿರುವ ಕೊಡವೊಂದರ ಆಧಾರದಿಂದ 1911ರಲ್ಲಿ ಅವರು ಗುರುತಿಸಿದ ಕಲಾವಿದನನ್ನು ಬರ್ಲಿನ್ ಚಿತ್ರಕಾರ ಎಂದೇ ಕರೆಯಲಾಗುತ್ತದೆ.

ಮೊರೆಲ್ಲಿಯವರ ಪ್ರಭಾವವು ಕಲಾಕ್ಷೇತ್ರದ ಆಚೆಗೂ ಹರಡಿತು. ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್ 1898ರಲ್ಲಿ ಮಿಲಾನ್‌ನಲ್ಲಿ ಮೊರೆಲ್ಲಿಯವರ ಗ್ರಂಥವನ್ನು ಕೊಂಡಿದ್ದರು. ಮೈಕೆಲೇಂಜೆಲೊನ ಮೋಸೆಸ್ ಶಿಲ್ಪವನ್ನು ಕುರಿತು 1914ರಲ್ಲಿ ಬರೆದ ಪ್ರಬಂಧದಲ್ಲಿ, ಕಡೆಗಣಿಸಲ್ಪಟ್ಟ ವಿವರಗಳಿಂದ ಮರೆಯಾದ ಸಂಗತಿಯನ್ನು ಊಹಿಸುವ ಮೊರೆಲ್ಲಿ ವಿಧಾನಕ್ಕೂ ಮನೋವಿಶ್ಲೇಷಣೆಗೂ ನಿಕಟ ಸಂಬಂಧವಿದೆ ಎಂದು ಫ್ರಾಯ್ಡ್ ಒಪ್ಪಿಕೊಂಡರು. ಇತಿಹಾಸಕಾರ ಕಾರ್ಲೊ ಗಿನ್ಜ್‌ಬರ್ಗ್ 1979ರ ತಮ್ಮ ಪ್ರಬಂಧದಲ್ಲಿ ಮೊರೆಲ್ಲಿ, ಫ್ರಾಯ್ಡ್ ಮತ್ತು ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಮೂವರನ್ನೂ ಒಟ್ಟಿಗೆ ಚರ್ಚಿಸಿದ್ದಾರೆ. ಮೂವರೂ ವೈದ್ಯಶಾಸ್ತ್ರವನ್ನು ಕಲಿತವರು. ಸಣ್ಣ ಲಕ್ಷಣಗಳಿಂದ ಕಾಣದ ಕಾರಣವನ್ನು ತಿಳಿಯುವ ವೈದ್ಯರ ರೀತಿಯೇ ಮೂವರ ಚಿಂತನೆಯಲ್ಲಿಯೂ ಕಂಡುಬರುತ್ತದೆ ಎಂಬುದು ಗಿನ್ಜ್‌ಬರ್ಗ್ ಅವರ ವಾದ.

ಇಂದು ಚಿತ್ರಗಳ ಕರ್ತೃತ್ವವನ್ನು ನಿರ್ಣಯಿಸಲು ಕ್ಷ-ಕಿರಣ, ಅತಿಗೆಂಪು ಛಾಯಾಗ್ರಹಣ, ವರ್ಣದ್ರವ್ಯಗಳ ವಿಶ್ಲೇಷಣೆ ಮತ್ತು ಮರದ ಹಲಗೆಯ ವಾರ್ಷಿಕ ಉಂಗುರಗಳ ಎಣಿಕೆಯನ್ನು ಬಳಸಲಾಗುತ್ತದೆ. ಚಿತ್ರವು ಯಾವ ಕಾಲದ್ದು, ಅದರ ಅಡಿಯಲ್ಲಿ ಏನಿದೆ ಎಂಬುದನ್ನು ಈ ಪರೀಕ್ಷೆಗಳು ತಿಳಿಸುತ್ತವೆ. ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ, ಅದೇ ಬಣ್ಣಗಳನ್ನು ಬಳಸಿದ ಇಬ್ಬರಲ್ಲಿ ಬರೆದವರು ಯಾರೆಂಬುದನ್ನು ನಿರ್ಣಯಿಸಲು ಮಾತ್ರ ಕೈಬರಹದ ಹೋಲಿಕೆ ಈಗಲೂ ಬೇಕಾಗುತ್ತದೆ. ಮೊರೆಲ್ಲಿಯವರು ತೋರಿದ ಹೋಲಿಕೆಯ ಕ್ರಮವು ಆದ್ದರಿಂದ ಇತರ ಪರೀಕ್ಷೆಗಳೊಂದಿಗೆ ಸೇರಿ ಬಳಕೆಯಲ್ಲಿ ಉಳಿದಿದೆ.